ಕೇಳದೆ ಉಂಡ ಸೊಪ್ಪು

"ಈ ಕೆಂಪು ಎಲ್ಲಿಂದ ಬಂತಪ್ಪಾ?"

ಬೈಂಡರು ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಅವರ ಮಾತಿಗೆ ಹೂಂಗುಟ್ಟಲು ಇದ್ದದ್ದು ಕಾಗದ ಕತ್ತರಿಸುವ ಯಂತ್ರ, ಅಂಟಿನ ಡಬ್ಬಿ, ಗೋಡೆಗೆ ಒರಗಿ ನಿಂತ ರಟ್ಟುಗಳು. ಮೇಜಿನ ಮೇಲೆ ಪ್ರಾರ್ಥನಾ ಮಂದಿರದ ಪದ್ಯದ ಪುಸ್ತಕ ಬೆನ್ನು ಬಿಚ್ಚಿಕೊಂಡು ಮಲಗಿತ್ತು. ಎಷ್ಟು ತಲೆಮಾರು ಓದಿದ ಪುಸ್ತಕವೋ, ಪುಟಗಳ ಮೂಲೆಯೆಲ್ಲ ಬೆರಳಿನ ಜಿಡ್ಡಿಗೆ ಕಂದಿ ಮೆತ್ತಗಾಗಿತ್ತು. ಅದರ ಮೊದಲಿಗೆ ಸೇರಿಸಬೇಕೆಂದು ಇಟ್ಟಿದ್ದ ಹೊಸ ಬಿಳಿ ಹಾಳೆಯ ನಟ್ಟನಡುವೆ ಗುಲಗಂಜಿಯಷ್ಟು ಕೆಂಪು.

ಪುಸ್ತಕದ ಅಂಚಿಗೆ ಬಳಿಯುವ ಬಣ್ಣವೇನಾದರೂ ಚೆಲ್ಲಿತೇ ಎಂದು ಕಪಾಟಿನತ್ತ ನೋಡಿದರು. ಶೀಶೆಯ ಮುಚ್ಚಳ ಭದ್ರವಾಗಿತ್ತು. ನೋಡುತ್ತಿದ್ದ ಹಾಗೆಯೇ ಹಾಳೆಯ ಮೇಲೆ ಇನ್ನೊಂದು ಗುಲಗಂಜಿ ಬಿತ್ತು. ಮೂಗಿಗೆ ಕೈ ಹಚ್ಚಿದರೆ ಬೆರಳು ಒದ್ದೆ.

"ಲೇ, ಒಂದು ಬಟ್ಟೆ ತಗೊಂಡು ಬಾ," ಎಂದು ಒಳಗೆ ಕೂಗಿದರು. ಕೂಗಿ, ಮೊದಲು ಪುಸ್ತಕವನ್ನು ದೂರ ಸರಿಸಿದರು. ಮೂಗಿನ ಯೋಚನೆ ಆಮೇಲೆ.

ಹೆಂಡತಿ ಬಂದಳು. ನೋಡಿದಳು. ಅವಳ ಕೈಯಲ್ಲಿದ್ದ ಸೌಟು ಅಲ್ಲೇ ಬಿತ್ತು. ಅದೇ ಹೊತ್ತಿಗೆ ಬೀದಿಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅವಳ ತಂಗಿ, "ಅಕ್ಕಾ, ಕೇಳಿದ್ದು ತಂದಿದೀನಿ," ಎನ್ನುತ್ತ ಒಳಗೆ ಬಂದಳು.

ಈ ತಂಗಿಯನ್ನು ಓಣಿಯವರೆಲ್ಲ ಕರೆಯುತ್ತಿದ್ದದ್ದು ತುರಚಿ ಎಂದು. ಹೆಸರಿಟ್ಟವರು ಬೈಂಡರೇ, ಅಂದರೆ ಅವಳ ಭಾವ. ಚಿಕ್ಕಂದಿನಲ್ಲಿ ಅವಳ ನಾಲಿಗೆ ಹಾಗಿತ್ತು, ಮುಟ್ಟಿದವರಿಗೆ ಉರಿ ಏಳುತ್ತಿತ್ತು. ದೊಡ್ಡವಳಾದ ಮೇಲೆ ಅದೇ ಹೆಸರಿನ ಗಿಡವೇ ಅವಳಿಗೆ ಅನ್ನ ಕೊಟ್ಟಿತು. ಕಾಲುವೆಯ ಆಚೆಗಿನ ಪಾಳುಗೋಡೆಯ ಉದ್ದಕ್ಕೂ ಬೆಳೆಯುವ ತುರಚಿಯನ್ನು ಮೊಣಕೈವರೆಗಿನ ಕೈಗವಸು ಹಾಕಿಕೊಂಡು ಕೊಯ್ದು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು ಪೊಟ್ಟಣ ಕಟ್ಟುವುದು ಅವಳ ಕಸುಬು. ಹಸಿಯಾಗಿದ್ದಾಗ ಸೋಕಿದರೆ ಬೊಬ್ಬೆ ಏಳಿಸುವ ಎಲೆ, ಒಣಗಿದರೆ ಸಾಧು. ಕೀಲುನೋವಿನವರು, ಋತು ಬದಲಾದಾಗ ಸೀನುವವರು ಒಯ್ಯುತ್ತಿದ್ದರು.

"ಭಾವ, ತಲೆ ಮೇಲೆತ್ತಬೇಡಿ. ಮುಂದಕ್ಕೆ ಬಗ್ಗಿ. ಮೂಗು ಗಟ್ಟಿಯಾಗಿ ಹಿಡ್ಕೊಳ್ಳಿ."

"ಹಿಡ್ಕೊಂಡಿದೀನಿ ಮಾರಾಯ್ತಿ. ಇನ್ನೂ ಗಟ್ಟಿಯಾಗಿ ಹಿಡಿದ್ರೆ ಕಿತ್ಕೊಂಡು ಬರುತ್ತೆ."

ನಕ್ಕರು, ಆದರೆ ರಕ್ತ ನಿಲ್ಲಲಿಲ್ಲ. ಒಂದು ಬಟ್ಟೆ ನೆನೆಯಿತು. ಎರಡನೆಯದು ನೆನೆಯತೊಡಗಿದಾಗ ನಗು ಯಾರ ಮುಖದಲ್ಲೂ ಇರಲಿಲ್ಲ.

ಯಾಕೆಂದರೆ ಅವರದು ಬರೀ ಮೂಗಿನ ಮಾತಾಗಿರಲಿಲ್ಲ. ಹೋದ ವರ್ಷ ಬೈಂಡರ ಎದೆಯ ಬಡಿತ ತಾಳ ತಪ್ಪಿತ್ತು. ತಾಳ ತಪ್ಪಿದ ಎದೆಯಲ್ಲಿ ರಕ್ತ ಒಂದೆಡೆ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಒಂದು ಚೂರು ತಲೆಗೆ ಹೋದರೆ ಮನುಷ್ಯ ಉಳಿಯುವುದು ಕಷ್ಟ ಎಂದು ಡಾಕ್ಟರು ರಕ್ತ ತೆಳ್ಳಗಾಗಿಸುವ ಮಾತ್ರೆ ಕೊಟ್ಟಿದ್ದರು. ಅಲುಗಿನ ಮೇಲಿನ ನಡಿಗೆ ಅದು. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ಸೋರಿಕೆ. ರಕ್ತ ಬಂದು ನಿಲ್ಲದಿದ್ದರೆ ಕೂತು ನೋಡಬೇಡಿ, ನೇರ ಬನ್ನಿ ಎಂದು ಹೇಳಿದ್ದರು. ತುರಚಿ ಬೀದಿಗೆ ಓಡಿ ಬಾಡಿಗೆ ಗಾಡಿ ನಿಲ್ಲಿಸಿದಳು. ಮೂವರೂ ಹತ್ತಿದರು.

ಕ್ಲಿನಿಕ್ಕಿನಲ್ಲಿ ಮೂಗಿಗೆ ಹತ್ತಿ ತುರುಕಿ, ಒತ್ತಿ ಹಿಡಿದು, ತೋಳಿನಿಂದ ಒಂದಿಷ್ಟು ರಕ್ತ ತೆಗೆದುಕೊಂಡು ಹೋದರು. ಅಂತೂ ಸೋರುವುದು ನಿಂತಿತು. ಆ ಗಳಿಗೆಯಲ್ಲಿ ತುರಚಿ ಮನಸ್ಸಿನಲ್ಲೇ ಕೈ ಮುಗಿದಳು. ಅವಳಿಗೆ ದೇವರೆಂದರೆ ಮಂದಿರದಲ್ಲಿ ಸಂಜೆ ಓದುವ ಪದ್ಯದ ದನಿ. ಆ ದನಿ ಮೊದಲು ಕೇಳಿಸಿದ್ದು ಭಾವನ ಬಾಯಲ್ಲಿ.

ಅಪ್ಪ ಅಮ್ಮ ಇಬ್ಬರೂ ಒಬ್ಬರ ಹಿಂದೊಬ್ಬರು ಹೋದಾಗ ಅವಳಿನ್ನೂ ಹಲ್ಲು ಬೀಳುವ ವಯಸ್ಸಿನ ಹುಡುಗಿ. ಅಕ್ಕನ ಮದುವೆಯ ಬೆನ್ನಿಗೇ ಅಕ್ಕನ ಸೆರಗು ಹಿಡಿದು ಈ ಮನೆಗೆ ಬಂದಿದ್ದಳು. ಬಂದವಳು ಕೂತದ್ದು ಬೈಂಡಿಂಗ್ ಮೇಜಿನ ಕೆಳಗೆ, ಕತ್ತರಿಸಿ ಬಿದ್ದ ಕಾಗದದ ಪಟ್ಟಿಗಳ ರಾಶಿಯಲ್ಲಿ. ಮೇಲೆ ಭಾವ ದಾರ ಎಳೆಯುತ್ತ ಪದ್ಯ ಹೇಳುತ್ತಿದ್ದರು. ಒಂದು ಸಾಲಿಗೆ ಒಂದು ಹೊಲಿಗೆ. ಸಾಲು ಮುಗಿದಾಗ ದಾರ ಬಿಗಿಯಾಗುತ್ತಿತ್ತು. ಕೆಳಗಿನಿಂದ ಅವಳು, "ಇನ್ನೊಂದು," ಎಂದರೆ ಇನ್ನೊಂದು. "ಆ ಬಂಗಾರದ ಕಾಗದ ಕೊಡಿ," ಎಂದರೆ ಬಂಗಾರದ ಕಾಗದ. ಗಿರಾಕಿಯ ಪುಸ್ತಕಕ್ಕೆಂದು ತಂದದ್ದೇ ಇರಲಿ, ತುದಿ ಕತ್ತರಿಸಿ ಕೊಡುತ್ತಿದ್ದರು. ಅಕ್ಕ ಬೈಯುತ್ತಿದ್ದಳು: "ಇಲ್ಲ ಅನ್ನೋ ಮಾತು ನಿಮ್ಮ ಬಾಯಲ್ಲಿ ಇಲ್ವೇ ಇಲ್ವಾ?" ಭಾವ ನಗುತ್ತಿದ್ದರು: "ಇದೆ ಕಣೇ. ಎಲ್ಲಿಟ್ಟಿದೀನೋ ಮರೆತುಹೋಗಿದೆ."

ಆ ಭಾವನ ಬೆರಳುಗಳು ಕೆಲವು ವರ್ಷದ ಕೆಳಗೆ ಊದಿಕೊಂಡು ಮಡಿಸಲಾರದಾದವು. ಸೂಜಿ ಹಿಡಿದರೆ ಜಾರುತ್ತಿತ್ತು. ಪುಸ್ತಕ ಹೊಲಿಯುವವನಿಗೆ ಬೆರಳು ಹೋದರೆ ಏನುಳಿಯಿತು? ಆಗ ತುರಚಿ ತನ್ನ ಪುಡಿ ತಂದು ಬಿಸಿನೀರಿನಲ್ಲಿ ಕಲಸಿ ದಿನವೂ ಕುಡಿಸಿದಳು. ಎಲೆಯ ಗುಣವೋ, ಬಿಸಿ ಲೋಟ ಹಿಡಿದು ಕೂತದ್ದರ ಗುಣವೋ, ಬೇಸಿಗೆ ಬಂದದ್ದರ ಗುಣವೋ, ಬೆರಳು ಸಡಿಲವಾದವು. ಬೈಂಡರು ಮಂದಿರದಲ್ಲಿ ನಾಲ್ಕು ಜನರೆದುರು, "ನನ್ನ ಕೈ ನನಗೆ ವಾಪಸ್ ಕೊಟ್ಟವಳು ಇವಳು," ಎಂದರು. ಅವತ್ತಿನಿಂದ ಅವಳ ಪೊಟ್ಟಣಕ್ಕೆ ಗಿರಾಕಿಗಳಾದರು. ಅವರು ಅಂಜುತ್ತ, "ಏನೂ ಆಗಲ್ವಾ?" ಎಂದು ಕೇಳಿದರೆ ತುರಚಿಯದು ಒಂದೇ ಉತ್ತರ: "ಎಲೆ ತಾನೆ? ಏನಾಗುತ್ತೆ!"

ಎದೆಯ ತೊಂದರೆ ಬಂದಾಗ ಭಾವ ಡಾಕ್ಟರಿಗೆ ಈ ಪುಡಿಯ ವಿಷಯ ಬಾಯಿಬಿಟ್ಟು ಹೇಳಿದ್ದರು. ಅದು ಬೇಡ, ನಿಲ್ಲಿಸಿ ಎಂದಿದ್ದರು ಡಾಕ್ಟರು. ಭಾವ ಅಂದೇ ನಿಲ್ಲಿಸಿದರು. ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು, "ನನಗೂ ಇದಕ್ಕೂ ಋಣ ತೀರಿತು," ಎಂದಿದ್ದರು. ಅದಾದ ಮೇಲೂ ಅಕ್ಕ ತನ್ನ ಸೊಂಟನೋವಿಗೆಂದು ಪುಡಿ ತರಿಸಿಕೊಳ್ಳುತ್ತಿದ್ದಳು. ಈಚೆಗೆ ಗಿಡ ಹೂ ಬಿಟ್ಟಿತ್ತು. ಹೂ ಬಿಟ್ಟ ತುರಚಿಯ ಎಲೆ ಒರಟು, ಹೊಟ್ಟೆಗೆ ಒಳ್ಳೆಯದಲ್ಲವೆಂದು ತಂಗಿ ಕೊಯ್ಯುವುದಿಲ್ಲ. ಹಾಗಾಗಿ ಪುಡಿ ಮುಗಿದು ಕೆಲವು ವಾರ ಬರಿಗೈ. ಗಿಡವನ್ನು ಬುಡದವರೆಗೆ ಸವರಿದ ಮೇಲೆ ಹೊಸ ಚಿಗುರು ಬಂತು. ಅದರ ಮೊದಲ ಪೊಟ್ಟಣವೇ ಈಗ ಅವಳ ಚೀಲದಲ್ಲಿ, ಮಡಿಲ ಮೇಲಿತ್ತು.

ಡಾಕ್ಟರು ಪರೀಕ್ಷೆಯ ಚೀಟಿ ಹಿಡಿದು ಬಂದರು. ಮಾತು ಕಡಿಮೆಯ ಹೆಂಗಸು. ಕಣ್ಣಿಗೆ ನಿದ್ದೆ ಸಾಲದು ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ರಕ್ತ ವಿಪರೀತ ತೆಳ್ಳಗಾಗಿದೆ ಬೈಂಡರೇ. ಮೂಗಲ್ಲಿ ಬಂತು, ಕಂಡಿತು. ಹೊಟ್ಟೆಯೊಳಗೋ ತಲೆಯೊಳಗೋ ಬಂದಿದ್ರೆ ಕಾಣ್ತಿರಲಿಲ್ಲ. ಮಾತ್ರೆ ಜಾಸ್ತಿ ತಗೊಂಡ್ರಾ?"

"ಇಲ್ಲಮ್ಮ. ನೀವು ಹೇಳಿದಷ್ಟೇ."

"ಬೇರೆ ಯಾವುದಾದ್ರೂ ಹೊಸ ಮಾತ್ರೆ? ನೋವಿನ ಮಾತ್ರೆ? ಊಟದಲ್ಲಿ ಏನಾದ್ರೂ ಬದಲಾವಣೆ?"

"ಏನೂ ಇಲ್ಲ. ಬಡಿಸಿದ್ದು ಉಣ್ತೀನಿ."

"ಇದೇ ನನಗೆ ಅರ್ಥವಾಗ್ತಿಲ್ಲ. ಆರು ತಿಂಗಳಿಂದ ನಿಮ್ಮ ರಕ್ತ ತೆಳ್ಳಗಾಗಲೊಲ್ಲದು ಅಂತ ಮಾತ್ರೆ ಏರಿಸ್ತಾ ಬಂದೆ. ಈಗ ಅದೇ ಮಾತ್ರೆಗೆ ಒಂದೇ ಸಲ ನೀರಾಗಿಬಿಟ್ಟಿದೆ. ಇರಲಿ, ಸದ್ಯಕ್ಕೆ ಮಾತ್ರೆ ನಿಲ್ಲಿಸಿ, ಆಮೇಲೆ ಕಡಿಮೆ ಮಾಡೋಣ."

ತುರಚಿ ಅಕ್ಕನ ಕಡೆ ನೋಡಿದಳು. ಅಕ್ಕ ಡಾಕ್ಟರನ್ನೂ ನೋಡುತ್ತಿರಲಿಲ್ಲ, ಗಂಡನನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ತಂಗಿಯ ಮಡಿಲ ಚೀಲದಲ್ಲಿ ನೆಟ್ಟಿತ್ತು.

ಆ ಮನೆಯಲ್ಲಿ ಒಂದು ನೇಮವಿತ್ತು. ಬೈಂಡರ ತಂದೆಯ ಕಾಲದ್ದು. ಅವರು ಊಟಕ್ಕೆ ಕೂರುವ ಮುಂಚೆ ಒಂದು ಸಾಲು ಹೇಳುತ್ತಿದ್ದರು, ಮಗನೂ ಅದನ್ನೇ ಹೇಳುತ್ತಿದ್ದರು: "ಬಡಿಸಿದ ಕೈಯ ಕಾಣು, ಬಡಿಸಿದುದ ಕೇಳದಿರು." ಬಂದದ್ದನ್ನು ಪ್ರಸಾದವೆಂದು ತಗೊಳ್ಳಬೇಕು. ಇದೇನು, ಅದೇನು, ಇದಕ್ಕೇನು ಹಾಕಿದೆ ಎಂದು ಕೇಳುವುದು ಬಡಿಸಿದವರನ್ನು ಅಳೆದ ಹಾಗೆ. ಇಷ್ಟು ವರ್ಷದ ಸಂಸಾರದಲ್ಲಿ ಬೈಂಡರು ಒಂದು ದಿನವೂ ಉಪ್ಪು ಕಡಿಮೆ ಎಂದವರಲ್ಲ.

ತುರಚಿಗೆ ಹೋದ ತಿಂಗಳುಗಳಲ್ಲಿ ಅಕ್ಕ ಭಾವನಿಗೆ ದಿನವೂ ಬಡಿಸಿದ ಸೂಪಿನ ಬಣ್ಣ ನೆನಪಾಯಿತು. ಕ್ಯಾರೆಟ್ಟು, ಆಲೂಗಡ್ಡೆ, ಈರುಳ್ಳಿಯ ಸೂಪಿಗೆ ಅಷ್ಟೊಂದು ಹಸಿರು ಎಲ್ಲಿಂದ?

ನೀರು ಕುಡಿಸುವ ನೆಪ ಹೇಳಿ ಅಕ್ಕನನ್ನು ಹೊರಗೆ ಎಳೆದುಕೊಂಡು ಬಂದಳು.

"ಅಕ್ಕಾ, ನಿಂಗೆ ಸೊಂಟನೋವು ಇದೆಯಾ?"

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಇದೆಯಾ ಇಲ್ವಾ?"

"ಇಲ್ಲ ಕಣೇ," ಎಂದು ಅಕ್ಕ ಗೋಡೆಗೆ ಒರಗಿದಳು. "ಪುಡಿ ಬಿಟ್ಟ ಮೇಲೆ ಅವರ ಬೆರಳು ಮತ್ತೆ ಕಟ್ಟಿಗೆ ಆದ ಹಾಗೆ ಕಂಡಿತು. ಬೆಳಗ್ಗೆ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡೋರು. ನನ್ನೆದುರಿಗೆ ಹಾಕ್ಕೊಳ್ತಿರಲಿಲ್ಲ, ಆ ಕಡೆ ತಿರುಗಿ ಹಾಕ್ಕೊಳ್ಳೋರು. ಸೂಪಿಗೆ ಒಂದೊಂದು ಚಮಚ ಹಾಕಿದೆ."

"ಡಾಕ್ಟರು ಬೇಡ ಅಂದಿದ್ರಲ್ಲೇ!"

"ಪುಡಿ ಬೇಡ ಅಂದ್ರು. ನೀರಿಗೆ ಹಾಕಿದ್ರೆ ಔಷಧಿ. ಸೂಪಿಗೆ ಹಾಕಿದ್ರೆ ಸೊಪ್ಪು. ಸೊಪ್ಪು ತಿನ್ನಬೇಡಿ ಅಂತ ಯಾರಾದ್ರೂ ಹೇಳ್ತಾರಾ? ಎಲೆ ತಾನೆ ಅಂತ ನೀನೇ ಅಂತಿದ್ದೆಯಲ್ಲ."

ತುರಚಿಗೆ ತನ್ನದೇ ಎಲೆ ತನ್ನ ಬಾಯೊಳಗೆ ಚುಚ್ಚಿದಂತಾಯಿತು.

"ಈಗ ಹೋಗಿ ಹೇಳೋಣ ಬಾ."

"ಬೇಡ ಕಣೇ. ನಿಂಗೆ ಕೈ ಮುಗೀತೀನಿ. ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡ್ರು, ಒಂದು ಮಾತು ಕೇಳಲಿಲ್ಲ. ಕೇಳದೇ ಇದ್ದೋರಿಗೆ ನಾನು ಹೀಗೆ ಮಾಡಿದೆ ಅಂತ ಗೊತ್ತಾದ್ರೆ ನಾಳೆಯಿಂದ ಅವರಿಗೆ ಹೇಗೆ ಬಡಿಸ್ಲಿ? ಪುಡಿ ಹೇಗೂ ಮುಗಿದಿದೆ. ಇನ್ನು ಹಾಕಲ್ಲ. ದೇವರಾಣೆ ಹಾಕಲ್ಲ. ಅಲ್ಲಿಗೆ ಮುಗೀತು ಬಿಡು."

ಕೇಳಿದರೆ ಸರಿಯೆನಿಸುವ ಮಾತೇ. ಪುಡಿ ನಿಂತಿದೆ, ಮಾತ್ರೆ ಕಡಿಮೆಯಾಗುತ್ತದೆ, ಅಲ್ಲಿಗೆ ಸರಿಹೋಗುತ್ತದೆ. ತುರಚಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ಅಕ್ಕನ ಕರುಳು ಅವಳಿಗೆ ಗೊತ್ತು. ನಾಳೆ ಭಾವ ಗುಂಡಿಗಾಗಿ ಆ ಕಡೆ ತಿರುಗಿದರೆ ಅಕ್ಕ ದೇವರಾಣೆಯನ್ನು ಎಷ್ಟು ದಿನ ಹಿಡಿದಾಳು? ಪುಡಿ ಇದ್ದಷ್ಟು ದಿನ ತೆಳ್ಳಗಾಗದ ರಕ್ತ ಅದು ಮುಗಿದ ಮೇಲೆ ನೀರಾಗಿತ್ತು. ಈ ಸಲ ಡಾಕ್ಟರು ಕಣ್ಣು ಕಟ್ಟಿಕೊಂಡು ಮಾತ್ರೆ ಇಳಿಸಿದರೆ, ಇತ್ತ ಅಕ್ಕ ಮತ್ತೆ ಚಮಚ ಎತ್ತಿದರೆ, ಆಗ ರಕ್ತ ಮೂಗಿನಿಂದ ಸೋರುವುದಿಲ್ಲ. ಎದೆಯಲ್ಲಿ ಹೆಪ್ಪುಗಟ್ಟುತ್ತದೆ.

ಅವಳು ಒಳಗೆ ಹೋಗಿ ಚೀಲದ ಪೊಟ್ಟಣವನ್ನು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು.

"ಇದು ಅವರ ಸೂಪಲ್ಲಿ ಇತ್ತಮ್ಮ. ದಿನಾ. ಅವರಿಗೆ ಗೊತ್ತಿರಲಿಲ್ಲ. ಮುಗಿದು ಕೆಲವು ವಾರ ಆಯ್ತು."

ಬೈಂಡರು ಪೊಟ್ಟಣ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು.

ಡಾಕ್ಟರು ಪೊಟ್ಟಣ ಬಿಚ್ಚಿ ಮೂಸಿ, ಮುಖದ ದಣಿವೆಲ್ಲ ಇಳಿದವರಂತೆ ಉಸಿರು ಬಿಟ್ಟರು. "ಅಬ್ಬಾ! ಈಗ ಲೆಕ್ಕ ಸರಿಹೋಯ್ತು. ಹೇಳಿದ್ರಲ್ಲ, ಪುಣ್ಯ ಕಟ್ಕೊಂಡ್ರಿ." ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನೋಡಿ, ಈ ಸೊಪ್ಪಲ್ಲಿ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಒಂದು ಜೀವಸತ್ವ ತುಂಬ ಇದೆ. ನನ್ನ ಮಾತ್ರೆ ಕೆಲಸ ಮಾಡೋದೇ ಆ ಜೀವಸತ್ವವನ್ನ ತಡೆದು. ಒಂದೇ ಹಗ್ಗ, ಆ ತುದಿಯಲ್ಲಿ ನಾನು ಎಳೀತಿದ್ದೆ, ಈ ತುದಿಯಲ್ಲಿ ಸೂಪು ಎಳೀತಿತ್ತು. ನೀವು ಎಳೆದಷ್ಟೂ ನಾನು ಜಾಸ್ತಿ ಎಳೆದೆ. ಈಗ ನೀವು ಥಟ್ಟನೆ ಕೈ ಬಿಟ್ರಿ."

"ನಾನು ಮಧ್ಯದಲ್ಲಿ ಬಿದ್ದೆ," ಎಂದರು ಬೈಂಡರು, ಮೂಗಿನ ಹತ್ತಿಯಿಂದ ಗೊಣಗೊಣ ದನಿಯಲ್ಲಿ.

"ಹೌದು. ಮೂಗು ಕೆಳಗಾಗಿ ಬಿದ್ರಿ."

"ಅಮ್ಮಾ," ತುರಚಿಯ ದನಿ ಸಣ್ಣಗಾಗಿತ್ತು. "ಇದು ವಿಷಾನಾ?"

"ವಿಷ ಅಂತ ಯಾರು ಹೇಳಿದ್ರು? ಎಷ್ಟೋ ಜನ ಸೊಪ್ಪು ಬೇಯಿಸಿ ತಿಂತಾರೆ. ಕೀಲುನೋವಿಗೆ, ಸೀನಿಗೆ ಅಂತ ತಗೋತಾರೆ, ಕೆಲವರಿಗೆ ಸ್ವಲ್ಪ ಹಿತ ಆಗುತ್ತೆ ಅಂತಾರೆ. ಖಂಡಿತ ಗುಣ ಆಗುತ್ತೆ ಅನ್ನೋಕೆ ಸಾಕಷ್ಟು ಪರೀಕ್ಷೆ ನಡೆದಿಲ್ಲ. ಆರೋಗ್ಯವಾಗಿರೋರಿಗೆ ಅಷ್ಟೇನೂ ಕೆಡುಕಿಲ್ಲ, ಕೆಲವರಿಗೆ ಹೊಟ್ಟೆ ಕೆಡಬಹುದು, ಅಷ್ಟೆ. ಆದ್ರೆ ಬೇರೆ ಮಾತ್ರೆ ತಗೊಳ್ಳೋರ ವಿಷಯ ಬೇರೆ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಮೂತ್ರ ಹೋಗೋ ಮಾತ್ರೆ, ಇವುಗಳ ಕೆಲಸದಲ್ಲೆಲ್ಲ ಇದು ಕೈ ಹಾಕಬಹುದು. ಕಿಡ್ನಿ ತೊಂದರೆ ಇರೋರು, ಬಸುರಿಯರು ಕೇಳದೇ ಮುಟ್ಟಬಾರದು. ಎಲೆ ಅಂತ ಹಗುರವಾಗಿ ನೋಡಬೇಡಿ. ಗುಣ ಮಾಡೋ ಶಕ್ತಿ ಇದೆ ಅಂತ ನೀವೇ ನಂಬ್ತೀರಿ. ಶಕ್ತಿ ಇದ್ರೆ ಅದಕ್ಕೆ ಕೆಡಿಸೋ ಶಕ್ತಿಯೂ ಇರಬೇಕಲ್ವಾ?"

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕೇಳಿ ತುರಚಿ ಯಾವಾಗಲೂ ಸಿಟ್ಟಾಗುತ್ತಿದ್ದಳು. ಮದ್ದೇ ಹೌದು ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಮದ್ದು ಹೌದಾದರೆ ಅದಕ್ಕೆ ಅಳತೆಯೂ ಪಥ್ಯವೂ ಇರಬೇಕು ಎಂದು ಅವಳಿಗೆ ಹೊಳೆದದ್ದು ಆ ಕುರ್ಚಿಯಲ್ಲಿ ಕೂತಾಗ.

ಸಂಜೆಗೆ ಮುಂಚೆ ಮನೆಗೆ ಕಳಿಸಿದರು. ಗಾಡಿಯಲ್ಲಿ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ತಂಗಿಯ ಜೊತೆ ಮಾತಿಲ್ಲ. ಗಂಡನ ಜೊತೆ ಮೊದಲೇ ಇಲ್ಲ. ಮನೆಯಲ್ಲಿ ಅಕ್ಕ ಸದ್ದಿಲ್ಲದೆ ಬ್ರೆಡ್ಡು, ಬೇಯಿಸಿದ ತರಕಾರಿ ಮೇಜಿಗೆ ತಂದಿಟ್ಟಳು. ಬೈಂಡರು ಕಣ್ಣು ಮುಚ್ಚಿದರು. ಇನ್ನೇನು ಆ ಸಾಲು ಬರುತ್ತದೆ ಎಂದು ಇಬ್ಬರೂ ಕಾದರು.

ಬೈಂಡರು ಕಣ್ಣು ತೆರೆದರು.

"ಇದರಲ್ಲಿ ಏನೇನಿದೆ?"

ಅಕ್ಕನ ಮುಖ ಸುಟ್ಟ ಕಾಗದದ ಹಾಗಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅಳೆದುಬಿಟ್ಟರು, ಮುಗಿಯಿತು ಎಂದುಕೊಂಡಳು.

"ಹೆದರಬೇಡ್ವೇ," ಎಂದರು ಬೈಂಡರು. "ಕ್ಲಿನಿಕ್ಕಿಂದ ಇಲ್ಲಿವರೆಗೂ ಒಂದೇ ಯೋಚನೆ. ಅಪ್ಪ ಹೇಳಿದ್ದು ಅರ್ಧ ಸರಿ. ಬಡಿಸಿದ ಕೈಯನ್ನ ಕಾಣು ಅಂದ್ರು. ನಾನು ಕಂಡೆನಾ? ನನ್ನ ಬೆರಳು ನೋಡಿ ಒಳಗೊಳಗೇ ಅಳ್ತಿದ್ದ ಕೈ ಅದು. ಕಂಡಿದ್ರೆ ಕೇಳ್ತಿದ್ದೆ. ಕೇಳಿದ್ರೆ ನೀನು ಹೇಳ್ತಿದ್ದೆ. ನಾನು ಕೇಳದೇ ಇದ್ದದ್ದು ದೊಡ್ಡಗುಣ ಅಂದ್ಕೊಂಡಿದ್ದೆ. ಬರೀ ಸೋಮಾರಿತನ ಅದು."

"ನಿಮ್ಮ ಜೀವ ತೆಗೀತಿದ್ದೆನಲ್ಲ್ರೀ..."

"ನೀನು ಬೆರಳಿಗೆ ಅಂತ ಹಾಕಿದೆ, ಅದು ದಾರಿ ತಪ್ಪಿ ರಕ್ತಕ್ಕೆ ಹೋಯ್ತು. ಜೀವ ಉಳಿಸಿದ್ದೂ ಇದೇ ಮನೆಯವರೇ. ಮೇಜಿನ ಕೆಳಗೆ ಕೂತಿತ್ತಲ್ಲ ಒಂದು ಗಿಡ, ಅದು." ತುರಚಿಯ ಕಡೆ ತಿರುಗಿದರು. "ಏ, ಅಕ್ಕ ಬೇಡ ಅಂದಿರಬೇಕು, ಆದ್ರೂ ಬಂದು ಹೇಳಿದ್ಯಲ್ಲ. ನಿನಗೆ ಚೂರೂ ಮರ್ಯಾದೆ ಇಲ್ಲ, ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ."

ತುರಚಿ ನಗಲು ಹೋಗಿ ಅತ್ತಳು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ, "ಕ್ಯಾರೆಟ್ಟು, ಆಲೂಗಡ್ಡೆ, ಬೆಣ್ಣೆ, ಉಪ್ಪು, ಮೆಣಸಿನ ಪುಡಿ," ಎಂದಳು. ಸ್ವಲ್ಪ ತಡೆದು, "ಅಷ್ಟೇ," ಎಂದು ಸೇರಿಸಿದಳು.

"ಬಡಿಸಿದ ಕೈಯ ಕಂಡು ಬಡಿಸಿದುದ ಕೇಳು," ಎಂದು ಬೈಂಡರು ಸಾಲು ತಿದ್ದಿ ಹೇಳಿ, ಉಣ್ಣತೊಡಗಿದರು. ನಾಲ್ಕು ತುತ್ತು ಆದ ಮೇಲೆ, "ಉಪ್ಪು ಕಡಿಮೆ ಆಗಿದೆ," ಎಂದರು.

"ಏನಂದ್ರಿ?"

"ಕೇಳೋಕೆ ಶುರುಮಾಡಿದ ಮೇಲೆ ಹೇಳೋಕೂ ಶುರುಮಾಡಬೇಕಲ್ಲ. ಎಷ್ಟು ವರ್ಷದ ಬಾಕಿ ಇದೆ ಗೊತ್ತಾ?"

ಅಕ್ಕ ಉಪ್ಪಿನ ಬಟ್ಟಲನ್ನು ಅವರ ಮುಂದೆ ಕುಕ್ಕಿದಳು. ಅವಳ ಮುಖಕ್ಕೆ ಬಣ್ಣ ಬಂತು.

ತುರಚಿ ಆಮೇಲೆ ಕೆಲವು ದಿನ ಕಾಲುವೆಯ ಕಡೆ ಹೋಗಲಿಲ್ಲ. ಕೈಗವಸು ಗೂಟದಲ್ಲಿ ನೇತಾಡಿತು. ಎಲ್ಲ ಬಿಟ್ಟುಬಿಡುತ್ತೇನೆ ಎಂದು ಭಾವನ ಹತ್ತಿರ ಹೇಳಿದಾಗ ಅವರು, "ಕತ್ತರಿ ಕೈ ಕುಯ್ತು ಅಂತ ನಾನು ಬೈಂಡಿಂಗ್ ಬಿಟ್ಟಿದ್ದೀನಾ?" ಎಂದರು, ಅಷ್ಟೇ. ಅವಳು ಮತ್ತೆ ಹೋದಳು. ಆದರೆ ಪೊಟ್ಟಣ ಮಾರುವ ಅವಳ ಮನೆಯ ಕಿಟಕಿಯಲ್ಲಿ ಮಾತು ಬದಲಾಗಿತ್ತು.

ಬಸ್ಸಿನ ಡ್ರೈವರೊಬ್ಬರು ಹಳೇ ಗಿರಾಕಿ. ಋತು ತಿರುಗಿದರೆ ಸಾಕು, ಸ್ಟಿಯರಿಂಗ್ ಹಿಡಿದು ಸೀನುವವರು. ಬಂದು ಎಂದಿನಂತೆ ಕೈ ಚಾಚಿದರು.

"ಬೇರೆ ಏನೇನು ಮಾತ್ರೆ ತಗೋತೀರಿ?" ಎಂದಳು ತುರಚಿ.

"ಯಾಕೆ?"

"ಹೇಳಿ ಮೊದಲು. ಬಿಪಿ ಇದೆಯಾ? ಸಕ್ಕರೆ? ಕಿಡ್ನಿ ಚೆನ್ನಾಗಿದೆಯಾ? ರಕ್ತ ತೆಳ್ಳಗಾಗೋಕೆ ಏನಾದ್ರೂ?"

"ಏನಮ್ಮಾ ಇದು, ಮಗಳನ್ನ ಕೊಡೋ ಹಾಗೆ ವಿಚಾರಿಸ್ತೀಯಲ್ಲ!"

"ಮಗಳನ್ನಾದ್ರೆ ಇಷ್ಟು ವಿಚಾರಿಸ್ತಿರಲಿಲ್ಲ. ಹೇಳಿ."

"ಬಿಪಿಗೆ ಒಂದು ನುಂಗ್ತೀನಿ. ಈಚೆಗೆ ಸಕ್ಕರೆಗೂ ಒಂದು."

"ಹಾಗಾದ್ರೆ ಡಾಕ್ಟರನ್ನ ಕೇಳ್ಕೊಂಡು ಬನ್ನಿ. ಪೊಟ್ಟಣ ಎಲ್ಲಿಗೂ ಓಡಿಹೋಗಲ್ಲ."

"ಎಲೆ ತಾನೆ? ಏನಾಗುತ್ತೆ?" ಎಂದರು ಡ್ರೈವರು. ಅದು ಅವಳೇ ಅವರಿಗೆ ಕಲಿಸಿದ ಮಾತು. ತುರಚಿ ಕಿಟಕಿಯಿಂದ ಮುಖ ಹೊರಹಾಕಿ, ಬಿಳಿ ಹಾಳೆಯ ಮೇಲೆ ಬಿದ್ದ ಕೆಂಪು ಬೊಟ್ಟಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಡ್ರೈವರು ಸೀನುವುದನ್ನೂ ಮರೆತು ಕೇಳಿದರು. ಹೋಗುವಾಗ, "ಬೈಂಡರು ಈಗ ಹೇಗಿದ್ದಾರೆ?" ಎಂದು ಮೆಲ್ಲಗೆ ಕೇಳಿದರು.

ಬೈಂಡರು ಚೆನ್ನಾಗಿದ್ದರು. ರಕ್ತದ ಅಳತೆ ಹದಕ್ಕೆ ಬಂದಿತ್ತು. ಡಾಕ್ಟರು ಮಾತ್ರೆ ಇಳಿಸಿ, ಇನ್ನು ಇದರಲ್ಲೇ ಇರಿ, ಮನೆಯ ಮಾಮೂಲಿ ತರಕಾರಿ ಸೊಪ್ಪು ಎಂದಿನಷ್ಟೇ ತಿನ್ನಿ, ಒಂದು ದಿನ ರಾಶಿ ಒಂದು ದಿನ ಸೊನ್ನೆ ಬೇಡ ಎಂದಿದ್ದರು. ಬೆರಳಿಗೆ ಬಿಸಿನೀರಿನ ಶಾಖ, ಹಚ್ಚಿಕೊಳ್ಳಲು ಒಂದು ಮುಲಾಮು. ಅದರಿಂದ ಒಂದಿಷ್ಟು ಹಗುರವೇನೋ ಆಗುತ್ತಿತ್ತು. ಆದರೆ ಸೂಜಿ ಹಿಡಿಯುವಷ್ಟು ಅಲ್ಲ. ಪದ್ಯದ ಪುಸ್ತಕ ಇನ್ನೂ ಬೆನ್ನು ಬಿಚ್ಚಿಕೊಂಡೇ ಮಲಗಿತ್ತು. ಮಂದಿರದಲ್ಲಿ ಸಂಜೆಯ ಓದು ಬಾಯಿಪಾಠದ ಮೇಲೆ ನಡೆಯುತ್ತಿತ್ತು. ನಡುನಡುವೆ ಓದುವವರು ಸಾಲು ಮರೆತು ನಿಲ್ಲುತ್ತಿದ್ದರು. ಆಗ ಬೈಂಡರು ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ತುರಚಿ ಕೆಲಸ ಮುಗಿಸಿ ಬಂದಾಗ ಅವರು ಮೇಜಿನ ಮುಂದೆ ಕೂತಿದ್ದರು. ಕೆಂಪು ಬಿದ್ದ ಹಾಳೆ ಹೋಗಿ ಹೊಸದು ಬಂದಿತ್ತು. ಹೊಲಿಯಬೇಕಾದ ಪುಟಗಳ ಕಟ್ಟುಗಳು ಸಾಲಾಗಿ ಕಾದಿದ್ದವು. ದಾರ ಸೂಜಿಯ ಕಣ್ಣಿಗೆ ಹೋಗದೆ ಅವರ ಕೈಯಲ್ಲಿ ಅಲ್ಲಾಡುತ್ತಿತ್ತು. ಅವಳು ಸೂಜಿ ಇಸಿದುಕೊಂಡು ದಾರ ಪೋಣಿಸಿ ಎದುರಿಗೆ ಕೂತಳು.

"ನಾನು ಹೊಲೀತೀನಿ. ನೀವು ಹೇಳಿ."

"ನಿನಗೆಲ್ಲಿ ಬರುತ್ತೆ?"

"ಕೆಳಗಿಂದ ನೋಡಿದ್ದೀನಿ. ಮೇಲಿಂದ ಒಂದು ಸಲ ನೋಡೋಣ."

ಬೈಂಡರು ಮೊದಲ ಸಾಲು ಹೇಳಿದರು. ಅವಳು ಮಡಿಕೆಯ ಒಳಗಿನಿಂದ ಸೂಜಿ ಹೊರತಂದಳು. ಎರಡನೆಯ ಸಾಲು, ಸೂಜಿ ಒಳಗೆ. "ಎಳಿ. ಇಷ್ಟು ಜೋರಾಗಿ ಅಲ್ಲ, ಕಾಗದ ಹರಿಯುತ್ತೆ. ಹಾಂ, ಸಾಲಿನ ಕೊನೇಲಿ ಬಿಗಿ ಮಾಡು." ಸೊಪ್ಪು ಕೊಯ್ದ ಕೈ. ಗವಸಿನ ಮೇಲಂಚಿನಲ್ಲಿ ತಗುಲಿದ ತುರಚಿಯ ಉರಿ ಇನ್ನೂ ಸಣ್ಣಗೆ ಮಿಡಿಯುತ್ತಿತ್ತು. ಆ ಉರಿಯೂ ಹಿತವಾಗಿತ್ತು. ಒಳಗೆ ಅಕ್ಕ ಏನೋ ಬೇಯಿಸುತ್ತ, ಕೇಳದಿದ್ದರೂ, "ಈರುಳ್ಳಿ, ಬಟಾಣಿ," ಎಂದು ಕೂಗಿ ಹೇಳಿದಳು. ಒಂದು ಕಟ್ಟು ಮುಗಿಯಿತು. ಅಂಕುಡೊಂಕಾಗಿತ್ತು. ಬೈಂಡರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆಯಾ ಭಾವ?"

"ಕುಡುಕ ನಡೆದ ದಾರಿ ಇದ್ದ ಹಾಗಿದೆ," ಎಂದರು. ಆದರೆ ಬಿಚ್ಚಲಿಲ್ಲ. ಕಟ್ಟನ್ನು ಕೆಳಗಿಟ್ಟು, ಅದರ ಮೇಲೆ ಅಂಗೈ ಇಟ್ಟರು. ಮಡಿಸಲಾರದ ಬೆರಳುಗಳು ಪುಟದ ಮೇಲೆ ಚಾಚಿಕೊಂಡವು. ಅವರ ದನಿ ಬದಲಾಯಿತು. "ಇದೊಂದು ಪುಸ್ತಕ ನನ್ನ ಕೈಯಲ್ಲೇ ಮುಗಿಸಬೇಕು ಅಂತ ಆಸೆ ಕಣೇ. ಅಪ್ಪ ಇದರಲ್ಲೇ ಓದಿದ್ದು, ನಾನು ಇದರಲ್ಲೇ ಕಲಿತಿದ್ದು."

ತುರಚಿ ಸೂಜಿ ನಿಲ್ಲಿಸಿದಳು. ಮುಂದೆ ಬರುವ ಮಾತು ಅವಳಿಗೆ ಗೊತ್ತಾಗಿತ್ತು.

"ಒಂದು ಚಿಟಿಕೆ ಪುಡಿ ಕೊಡು. ದಿನಾ ಅಲ್ಲ. ಈ ಪುಸ್ತಕ ಮುಗಿಯೋವರೆಗೆ. ಚಿಟಿಕೆಯಲ್ಲಿ ಏನಾಗುತ್ತೆ? ಈ ಸಲ ಡಾಕ್ಟರಿಗೆ ನಾನೇ ಹೇಳ್ತೀನಿ, ಕೇಳಿದ್ದಕ್ಕೂ ಆಯ್ತು, ಹೇಳಿದ್ದಕ್ಕೂ ಆಯ್ತು. ನೀನು ಚಿಕ್ಕೋಳಿದ್ದಾಗ ಏನು ಕೇಳಿದ್ರೂ ನಾನು ಇಲ್ಲ ಅಂದಿದ್ದೀನಾ?"

ಇಲ್ಲ. ಒಂದು ಸಲವೂ ಅಂದಿರಲಿಲ್ಲ. ಬಂಗಾರದ ಕಾಗದ, ಇನ್ನೊಂದು ಪದ್ಯ, ಸುಡುವ ಜ್ವರದಲ್ಲಿ ಮೇಜಿನ ಕೆಳಗೇ ಮಲಗುತ್ತೇನೆಂದು ಹಟ ಹಿಡಿದಾಗ ಅಲ್ಲಿಯೇ ಹಾಸಿದ ಹಾಸಿಗೆ. ಅವಳ ಕಣ್ಣು ತುಂಬಿತು. ದಾರದ ತುದಿಯನ್ನು ನಾಲಿಗೆಗೆ ಸೋಕಿಸಿ, ಮುಂದಿನ ಕಟ್ಟನ್ನು ತನ್ನತ್ತ ಎಳೆದುಕೊಂಡಳು. ಭಾವನ ಮುಖವನ್ನೇ ನೋಡುತ್ತ ಹೇಳಿದಳು:

"ಕೊಡಲ್ಲ."